ಸ್ನಾನದ ಪುಸ್ತಕ ಕಚೇರಿಗೆ ಹೋದ ದಿನ

ನಮ್ಮ ಊರಿನ ಚರ್ಚನ್ನು ಯಾರೂ ಚರ್ಚು ಎಂದು ಕರೆಯುವುದಿಲ್ಲ, ಪಾದ್ರಿ ಗುಡಿ ಅನ್ನುತ್ತಾರೆ. ಹಾನಗಲ್ ತಾಲೂಕಿನಲ್ಲಿ ಆಡೂರಿಗೆ ಹೋಗುವ ದಾರಿಯಿಂದ ಒಂದಿಷ್ಟು ಒಳಗೆ ಸರಿದ ಸಣ್ಣ ಊರು ಅದು. ಕಲ್ಲು ಮಣ್ಣಿನ ಗೋಡೆ, ಮೇಲೆ ಮೊದಲು ಮಂಗಳೂರು ಹಂಚಿತ್ತು, ಒಳಗೆ ನಲವತ್ತು ಜನ ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಹಂಚು ಸೋರಿ ಸೋರಿ ವೇದಿಕೆಯ ಮೇಲಿನ ಬೈಬಲ್ಲೇ ನೆನೆದ ಮೇಲೆ, ಹಂಚು ಇಳಿಸಿ ತಗಡು ಹಾಕಿಸಿದೆವು. ಗೋಡೆಗೆ ಬಿಳಿ ಬಣ್ಣ ಹೊಡೆಸಿದೆವು. ಅದೇ ತಪ್ಪಾಯಿತು. ಹಳೆಯ ಸೀರೆ ಉಟ್ಟು ಓಡಾಡುವವಳನ್ನು ಯಾರೂ ನೋಡುವುದಿಲ್ಲ, ಹೊಸದು ಉಟ್ಟ ದಿನ ಎಲ್ಲರೂ ನೋಡುತ್ತಾರೆ. ತಗಡು ಬಿಸಿಲಿಗೆ ಹೊಳೆಯುವುದನ್ನು ನೋಡಿದ ಯಾರೋ ಒಬ್ಬರು ತಾಲೂಕು ಕಚೇರಿಗೆ ಅರ್ಜಿ ಕೊಟ್ಟರು. ಊರಿನಲ್ಲಿ ಪರವಾನಗಿ ಇಲ್ಲದೆ ಹೊಸ ಪ್ರಾರ್ಥನಾ ಮಂದಿರ ಕಟ್ಟಿದ್ದಾರೆ, ಅದನ್ನು ತೆರವು ಮಾಡಿಸಬೇಕು ಎಂದು ಅದರಲ್ಲಿ ಬರೆದಿತ್ತು.

ನಾನು ಹಾನಗಲ್ಲಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ರವಿಕೆ, ಶಾಲೆಯ ಮಕ್ಕಳ ಸಮವಸ್ತ್ರ, ಹಬ್ಬ ಬಂದರೆ ಲಂಗ. ಅವ್ವ ನನ್ನ ಜೊತೆ ಇದ್ದಾಳೆ. ಕಚೇರಿಯಿಂದ ಬಂದ ನೋಟೀಸು ಹಿಡಿದುಕೊಂಡು ನಮ್ಮ ಅಯ್ಯನವರು, ಅಂದರೆ ತಿಂಗಳಿಗೆರಡು ಸಲ ಹಾವೇರಿಯಿಂದ ಬೈಕಿನಲ್ಲಿ ಬಂದು ಆರಾಧನೆ ನಡೆಸುವ ಸಭಾಪಾಲಕರು, ಅಂಗಡಿಗೇ ಬಂದರು. ಮುಖ ಬಾಡಿತ್ತು.

"ಅಕ್ಕಾರ, ಗುಡಿ ಹಳೇದು ಅಂತ ತೋರ್ಸೂ ಕಾಗದ ಏನರ ಐತೇನ್ರಿ?"

"ಜಾಗಾದ ಉತಾರ ತಗಸ್ರಿ."

"ತಗಸೇನ್ರಿ. ಅದರಾಗ ಜಾಗಾ ನಿಮ್ಮ ಮುತ್ತಜ್ಜನ ಹೆಸರಿಗೆ ಐತಿ. ಗುಡಿ ಅಂತ ಒಂದ ಅಕ್ಷರ ಸುದ್ದಾ ಇಲ್ಲ. ಸೋಮವಾರ ತಹಶೀಲ್ದಾರ ಸಾಹೇಬ್ರು ಕರದಾರ. ಅಷ್ಟರಾಗ ಏನೂ ತೋರಸಲಿಲ್ಲಂದ್ರ ಬೀಗಾ ಹಾಕ್ತಾರ."

ಒಳಗಿನಿಂದ ಅವ್ವ ಕೇಳಿಸಿಕೊಂಡಿದ್ದಳು. "ಸ್ನಾನದ ಪುಸ್ತಕ ಐತಲ್ಲ," ಅಂದಳು.

ಸ್ನಾನದ ಪುಸ್ತಕ ಎಂದರೆ ದೀಕ್ಷಾಸ್ನಾನದ ರಜಿಸ್ಟರು. ನೂರು ವರ್ಷಕ್ಕೂ ಹಿಂದೆ ಜರ್ಮನಿಯ ಪಾದ್ರಿಗಳು ಧಾರವಾಡದ ಕಡೆಯಿಂದ ಚಕ್ಕಡಿಯಲ್ಲಿ ಬಂದು ನಮ್ಮ ಕೇರಿಯಲ್ಲಿ ಇಳಿದರಂತೆ. ಕೇರಿ ಎಂದರೆ ಊರ ಹೊರಗಿನ ಕೇರಿ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಮುತ್ತಜ್ಜ ಮೊದಲು ಅವರ ಎತ್ತುಗಳಿಗೆ ಮೇವು ಹಾಕಿದ, ಆಮೇಲೆ ಅವರು ಕೊಟ್ಟ ನೀರು ಕುಡಿದ, ಆಮೇಲೆ ಅವರ ಕೈಯಿಂದ ಅಕ್ಷರ ಕಲಿತ, ಕೊನೆಗೆ ತಲೆಯೊಡ್ಡಿ ಸ್ನಾನ ಮಾಡಿಸಿಕೊಂಡ. ದೇವರ ಸಲುವಾಗಿಯೋ ಅಕ್ಷರದ ಸಲುವಾಗಿಯೋ ಎಂದು ಅಪ್ಪನನ್ನು ಒಮ್ಮೆ ಕೇಳಿದ್ದೆ. "ಎರಡೂ ಒಂದ ಗಡಿಗ್ಯಾಗ ಕುದ್ದು ಬಂದಿದ್ದು, ಹ್ಯಾಂಗ ಬ್ಯಾರೆ ಮಾಡ್ಲಿ" ಅಂದಿದ್ದ. ಮುತ್ತಜ್ಜ ಆಮೇಲೆ ಹುಲಗೂರಿನ ಉರುಸಿಗೆ, ಸವಣೂರಿನ ಸಂತೆಗೆ ಪುಸ್ತಕದ ಗಂಟು ಹೊತ್ತು ಹೋಗಿ ಸುವಾರ್ತೆ ಮಾರುತ್ತಿದ್ದನಂತೆ. ಕೊಳ್ಳುವವರಿಗಿಂತ ಬೈಯುವವರೇ ಹೆಚ್ಚು. ಹುಬ್ಬಳ್ಳಿಯ ದೊಡ್ಡ ಚರ್ಚಿಗೆ ಹೋದಾಗ, ಬೇರೆ ಜಾತಿಯಿಂದ ಬಂದ ಕ್ರೈಸ್ತರು ಇವನನ್ನು ಕಂಡು ಬೆಂಚಿನಲ್ಲಿ ಸರಿದು ಕೂತರಂತೆ. ದೇವರು ಬದಲಾದ ಮಾತ್ರಕ್ಕೆ ಬೆಂಚು ಬದಲಾಗುತ್ತದೆಯೇ? ಆದರೂ ಅವನು ಬಿಡಲಿಲ್ಲ. ಪುಸ್ತಕದಲ್ಲಿ ಒಂದನೆಯ ನಂಬರು ಅವನದು.

ಒಂದೇ ದಪ್ಪ ಪುಸ್ತಕ. ಮೊದಲ ಪುಟಗಳಲ್ಲಿ ಪಾದ್ರಿಗಳ ಅಕ್ಷರ, ನಮ್ಮವರಿಗಿಂತ ದುಂಡಗೆ. ನಂಬರು, ತಾರೀಖು, ಕೂಸಿನ ಹೆಸರು, ತಂದೆ ತಾಯಿಯ ಹೆಸರು, ಸ್ನಾನ ಕೊಟ್ಟವರ ಸಹಿ. ಆಮೇಲಿನ ಪುಟಗಳಲ್ಲಿ ಅಜ್ಜನದು, ಕೊನೆಯ ಪುಟಗಳಲ್ಲಿ ಅಪ್ಪನದು. ಅಪ್ಪ ಊರಿನ ಉಪದೇಶಿಯಾಗಿದ್ದ. ಸ್ನಾನ ಕೊಡುವುದು ಹೊರಗಿನಿಂದ ಬರುವ ದೊಡ್ಡ ಅಯ್ಯನವರ ಕೆಲಸ, ಪುಸ್ತಕ ಬರೆಯುವುದು, ಕಾಯುವುದು ಉಪದೇಶಿಯ ಕೆಲಸ. ಅಪ್ಪ ತೀರಿಕೊಂಡ ಮೇಲೆ ಹೊಸ ರಜಿಸ್ಟರು ಹಾವೇರಿಯಲ್ಲಿ ಶುರುವಾಯಿತು. ಹಳೆಯದು ಅವ್ವನ ಟ್ರಂಕಿನ ತಳದಲ್ಲಿ, ಅಪ್ಪನ ಕೋಟಿನ ಕೆಳಗೆ ಉಳಿಯಿತು. ಅದರ ಬೀಗದ ಕೈ ಅವ್ವನ ಕೊರಳ ದಾರದಲ್ಲಿ. ಆಮೇಲೆ ನಾನಾಗಲಿ ಯಾರಾಗಲಿ ಅದನ್ನು ಬಿಚ್ಚಿ ನೋಡಿರಲಿಲ್ಲ.

ಅಯ್ಯನವರ ಮುಖ ಅರಳಿತು. "ಹಂಗಾರ ಮುಗೀತಲ್ರಿ ಅಕ್ಕಾರ. ನೂರು ವರ್ಷದ ಪುಸ್ತಕ ಇಟ್ಟಕೊಂಡು ಯಾಕ ಹೆದರಬೇಕ್ರಿ?"

ನಾನು ಹೊಲಿಗೆ ಮಿಷನ್ನಿನ ಮೇಲಿನಿಂದ ಕೈ ತೆಗೆದೆ. ನನಗೆ ಹೆದರಿಕೆ ಶುರುವಾದದ್ದೇ ಆಗ.

ಹೆದರಿಕೆ ನನ್ನ ತಂಗಿಯ ಸಲುವಾಗಿ. ಅವಳು ಶಿಗ್ಗಾಂವಿ ತಾಲೂಕಿನ ಒಂದು ಸರಕಾರಿ ಶಾಲೆಯಲ್ಲಿ ಮುಖ್ಯಾಧ್ಯಾಪಕಿ. ನಮ್ಮ ಸಭೆಯಲ್ಲಿ ಸರಕಾರಿ ಕೆಲಸ ಇರುವುದು ಅವಳೊಬ್ಬಳಿಗೇ, ಅದು ಸಿಕ್ಕಿದ್ದು ಪರಿಶಿಷ್ಟ ಜಾತಿಯ ಪ್ರಮಾಣಪತ್ರದ ಮೇಲೆ. ಕಾನೂನು ಹೀಗಿದೆ: ನಮ್ಮ ಕೇರಿಯವನು ಹಿಂದೂ ಆಗಿದ್ದರೆ ಆ ಪತ್ರ ಸಿಗುತ್ತದೆ, ಕ್ರೈಸ್ತನಾದರೆ ಸಿಗುವುದಿಲ್ಲ. ಕೇರಿ ಅದೇ, ಬಾವಿಗೆ ಬಿಡದವರು ಅವರೇ, ಹೋಟೆಲಿನಲ್ಲಿ ಬೇರೆ ಲೋಟ ಇಟ್ಟವರೂ ಅವರೇ. ಅವರಾರೂ ನೀನು ಯಾವ ದೇವರಿಗೆ ಕೈ ಮುಗಿಯುತ್ತೀ ಎಂದು ಕೇಳಿ ಲೋಟ ಕೊಟ್ಟವರಲ್ಲ. ಸರಕಾರ ಮಾತ್ರ ಕೇಳುತ್ತದೆ. ಹಾಗಾಗಿ ನಮ್ಮ ಜನರಿಗೆ ಎರಡು ಹೆಸರು ಇಟ್ಟುಕೊಳ್ಳುವ ರೂಢಿ. ಶಾಲೆಯಲ್ಲಿ, ಕಚೇರಿಯಲ್ಲಿ ಒಂದು, ಗುಡಿಯಲ್ಲಿ ಒಂದು. ಸ್ನಾನದ ಪುಸ್ತಕದಲ್ಲಿ ಮಾತ್ರ ಎರಡೂ ಹೆಸರು ಅಕ್ಕಪಕ್ಕ ಇರುತ್ತವೆ. ಆ ಪುಸ್ತಕ ಸಾಹೇಬರ ಮೇಜಿಗೆ ಹೋದರೆ ಗುಡಿ ಉಳಿಯುತ್ತದೆ, ತಂಗಿಯ ಕೆಲಸ ಹೋಗುತ್ತದೆ. ಕೆಲಸ ಹೋಗುವುದಷ್ಟೇ ಅಲ್ಲ, ಕೇಸೂ ಆಗಬಹುದು. ಪುಸ್ತಕ ಹೋಗದಿದ್ದರೆ ಮುತ್ತಜ್ಜನ ಗುಡಿಗೆ ಬೀಗ. ಅತ್ತ ದರಿ, ಇತ್ತ ಪುಲಿ.

ಅವಳ ಹೆಸರು ಅದರಲ್ಲಿ ಇದೆ ಎಂಬುದರ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಯಾಕೆಂದರೆ ನಮ್ಮಲ್ಲಿ ಸುಗ್ಗಿಹಬ್ಬದ ಆರಾಧನೆಯಲ್ಲಿ ಆ ಪುಸ್ತಕವನ್ನು ಓದುವ ಪದ್ಧತಿ ಇತ್ತು. ಬೇರೆ ಯಾವ ಊರಿನ ಸಭೆಯಲ್ಲೂ ನಾನು ಇದನ್ನು ಕಂಡಿಲ್ಲ. ಜೋಳದ ತೆನೆ, ಗೋವಿನಜೋಳ, ಹತ್ತಿ, ಸೋರೆಕಾಯಿ ಎಲ್ಲ ವೇದಿಕೆಯ ಮುಂದೆ ಇಟ್ಟು ಮುಗಿದ ಮೇಲೆ ಅಪ್ಪ ನಿಂತು ಒಂದನೆಯ ನಂಬರಿನಿಂದ ಹೆಸರು ಕರೆಯುತ್ತಿದ್ದ. ಬದುಕಿದ್ದವರು ಎದ್ದು "ಅದೇನಿ" ಅನ್ನಬೇಕು. ಹೋದವರ ಹೆಸರಿಗೆ ಮನೆಯವರು "ಮಣ್ಣಾಗ್ಯಾರ" ಅನ್ನಬೇಕು. ಇನ್ನೂರ ಹದಿನಾಲ್ಕು ಎಂದು ಅಪ್ಪ ತಂಗಿಯ ಹೆಸರು ಕರೆದಾಗ ಅವಳು ಮೊದಲು ಅವ್ವನ ಕಂಕುಳಲ್ಲಿ, ಆಮೇಲೆ ಲಂಗ ಹಿಡಿದುಕೊಂಡು, ಆಮೇಲೆ ಎರಡು ಜಡೆ ಹಾಕಿಕೊಂಡು ಎದ್ದು ನಿಲ್ಲುತ್ತಿದ್ದಳು. ವರ್ಷ ವರ್ಷ ನಾನು ಕಿವಿಯಾರೆ ಕೇಳಿದ್ದೇನೆ.

ನನಗೂ ಅವಳಿಗೂ ಹನ್ನೆರಡು ವರ್ಷದ ಅಂತರ. ಇಲ್ಲಿ ನನ್ನ ಹೊಟ್ಟೆಯಲ್ಲಿದ್ದದ್ದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ಏಳನೆಯ ತರಗತಿಯಲ್ಲಿ ಶಾಲೆಗೆ ಮೊದಲಿಗಳಾಗಿ ಪಾಸಾಗಿದ್ದೆ. ಮುಂದೆ ಓದಲು ಪಟ್ಟಣದಲ್ಲಿ ನಮ್ಮ ಜಾತಿಯವರಿಗೆಂದು ಇದ್ದ ಸರಕಾರಿ ವಸತಿನಿಲಯದಲ್ಲಿ ಜಾಗ ಸಿಕ್ಕಿತು. ಟ್ರಂಕು ಸಮೇತ ಹೋಗಿ ಹದಿನೈದು ದಿನ ಇದ್ದೆ. ಯಾರೋ, ಇವರು ಯೇಸುವಿನ ಮಂದಿ ಎಂದು ಹೇಳಿದರು. ವಸತಿನಿಲಯದವರು ಅಪ್ಪನನ್ನು ಕರೆಸಿ ಕೇಳಿದರು. ಅಪ್ಪ ಸುಳ್ಳು ಹೇಳಬಹುದಾಗಿತ್ತು, ಸುಮ್ಮನಿರಬಹುದಾಗಿತ್ತು. ಅವನು ಊರಿಗೆ ಹೋಗಿ ಸ್ನಾನದ ಪುಸ್ತಕ ತಂದು, ನನ್ನ ಸಾಲು ಬಿಚ್ಚಿ, ಬೆರಳಿಟ್ಟು ತೋರಿಸಿದ. ಸಂಜೆ ಬಸ್ಸಿಗೆ ನನ್ನನ್ನು ಊರಿಗೆ ಕರೆದುಕೊಂಡು ಬಂದ. ನಾನು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಹಾನಗಲ್ಲಿನ ಒಬ್ಬ ಸಿಂಪಿಗರ ಹೆಂಗಸಿನ ಹತ್ತಿರ ಗುಂಡಿ ಹಚ್ಚುವುದನ್ನು ಕಲಿಯಲು ಕೂತೆ. ಅದೇ ವರ್ಷ ತಂಗಿ ಹುಟ್ಟಿದಳು. ಅವಳು ಓದಿದಳು, ಟೀಚರ್ ಆದಳು, ಅವಳ ಮೊದಲ ದಿನದ ಸೀರೆಗೆ ರವಿಕೆ ಹೊಲಿದುಕೊಟ್ಟವಳು ನಾನು. ಅವಳ ಮೇಲೆ ಪ್ರೀತಿ ಇತ್ತು. ಹೊಟ್ಟೆಕಿಚ್ಚೂ ಇತ್ತು. ಒಂದೇ ತಟ್ಟೆಯಲ್ಲಿ ಎರಡನ್ನೂ ಉಂಡು ದೊಡ್ಡವಳಾದೆ.

ಅಯ್ಯನವರಿಗೆ ವಿಷಯ ಹೇಳಿದೆ. ಅವರು ನೋಟೀಸನ್ನು ಮಡಿಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ನೋಡದೆ, "ಒಂದ ಹಾಳಿ ಅಷ್ಟ ಅಲ್ರಿ," ಅಂದರು. ದೇವರ ಸೇವಕರ ಬಾಯಲ್ಲಿ ಅದಕ್ಕಿಂತ ಹೆಚ್ಚು ಬರಲಿಲ್ಲ, ಬರುವುದೂ ಬೇಕಾಗಿರಲಿಲ್ಲ. ಬ್ಲೇಡಿನಿಂದ ಹಾಳೆ ಕೊಯ್ದರೆ ಬುಡದಲ್ಲಿ ಅಂಚು ಉಳಿಯುತ್ತದೆ, ಯಾರಿಗಾದರೂ ಕಾಣುತ್ತದೆ. ಆದರೆ ಹಳೆಯ ಪುಸ್ತಕಗಳನ್ನು ದಾರದಿಂದ ಹೊಲಿದಿರುತ್ತಾರೆ. ಹೊಲಿದದ್ದನ್ನು ಬಿಚ್ಚಿ ಮತ್ತೆ ಅದೇ ತೂತಿನಲ್ಲಿ ದಾರ ಪೋಣಿಸಿ, ಬಿಚ್ಚಿದ ಗುರುತೇ ಸಿಗದ ಹಾಗೆ ಹೊಲಿಯಲು ಈ ತಾಲೂಕಿನಲ್ಲಿ ನನಗಿಂತ ಬೇರೆ ಯಾರಿಗೆ ಬರುತ್ತದೆ?

ರವಿವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಮುಂದೆ ಮಾಡಿ, ಮೇಣ ಹಚ್ಚಿದ ದಾರ, ಸಣ್ಣ ಸೂಜಿ, ಹೊಲಿಗೆ ಬಿಚ್ಚುವ ಕೊಕ್ಕೆ ಇಟ್ಟುಕೊಂಡು ಕೂತೆ. ಅವ್ವ ಪುಸ್ತಕ ತಂದು ಮೇಜಿನ ಮೇಲಿಟ್ಟಳು. ಪುಟ ತಿರುವುತ್ತಾ ಹೋದೆ. ನನ್ನ ಸಾಲು ಬಂತು, ನೂರಾ ತೊಂಬತ್ತೆಂಟು, ಅಪ್ಪನ ಅಚ್ಚುಕಟ್ಟಾದ ಅಕ್ಷರದಲ್ಲಿ ಎರಡೂ ಹೆಸರು. ಆ ಸಾಲನ್ನು ಬಹಳ ಹೊತ್ತು ನೋಡಲಿಲ್ಲ. ಮುಂದಿನ ಹಾಳೆ ತಿರುವಿ ಇನ್ನೂರ ಹದಿನಾಲ್ಕಕ್ಕೆ ಬಂದೆ.

ನಂಬರು ಇತ್ತು. ತಾರೀಖು ಇತ್ತು. ಅಪ್ಪ ಅವ್ವನ ಹೆಸರು ಇತ್ತು, ದೊಡ್ಡ ಅಯ್ಯನವರ ಸಹಿ ಇತ್ತು. ಕೂಸಿನ ಹೆಸರಿನ ಜಾಗ ಖಾಲಿ.

ಕನ್ನಡಕ ಒರೆಸಿ ಮತ್ತೆ ನೋಡಿದೆ. ಅಳಿಸಿದ್ದಲ್ಲ, ಬರೆದೇ ಇರಲಿಲ್ಲ. "ಅವ್ವಾ," ಅಂದೆ, "ಇಲ್ಲೆ ಹೆಸರ ಇಲ್ಲಲ್ಲ."

ಅವ್ವ ಗೋಡೆಗೆ ಒರಗಿ ಕೂತಿದ್ದಳು. ಆಶ್ಚರ್ಯಪಡಲಿಲ್ಲ. "ಬರೀಲಿಲ್ಲವಾ ಅಂವಾ," ಅಂದಳು. "ನಿನ್ನ ಹಾಸ್ಟೆಲಿನಿಂದ ಕರಕೊಂಡ ಬಂದ ವರ್ಷ ಅದು. ಮೂರ ದಿನ ಪುಸ್ತಕ ಮುಂದ ಇಟಗೊಂಡು ಕುಂತಿದ್ದ. ಸುಳ್ಳ ಹೆಸರ ಬರೀಲಾಕ ಕೈ ಬರಲಿಲ್ಲ. ಖರೇ ಹೆಸರ ಬರೀಲಾಕೂ ಬರಲಿಲ್ಲ. ಹಂಗ ಬಿಟ್ಟ."

"ಸುಗ್ಗಿಹಬ್ಬದಾಗ ಓದತಿದ್ದನಲ್ಲ?"

"ನೆನಪಿಲೆ ಓದತಿದ್ದ."

ಎಷ್ಟು ವರ್ಷ! ಖಾಲಿ ಜಾಗದ ಮೇಲೆ ಕಣ್ಣಿಟ್ಟು ಮಗಳ ಹೆಸರು ಕೂಗಿ, ಅವಳು ಎದ್ದು ನಿಂತದ್ದನ್ನು ನೋಡಿ, ಮುಂದಿನ ನಂಬರಿಗೆ ಹೋಗುತ್ತಿದ್ದ ಆ ಮನುಷ್ಯ. ನನಗೆ ಅಳು ಬರಬೇಕಾಗಿತ್ತು. ಬಂದದ್ದು ಸಿಟ್ಟು. ನನ್ನ ಹೆಸರನ್ನು ಬೆರಳಿಟ್ಟು ತೋರಿಸಿದ ಕೈ, ಅವಳ ಹೆಸರನ್ನು ಮುಚ್ಚಿಟ್ಟಿತ್ತು. ನನ್ನ ಮೇಲೆ ಪಾಠ ಕಲಿತು ಅವಳಿಗೆ ಅದರ ಫಲ ಕೊಟ್ಟಿದ್ದ. "ನನಗ ಯಾಕ ಹಂಗ ಮಾಡ್ಲಿಲ್ಲ?" ಎಂದು ಅರವತ್ತರ ನಾನು ಎಂಬತ್ತೈದರ ಅವ್ವನನ್ನು ಕೇಳಿದೆ.

ಹಾಳೆ ಬಿಚ್ಚಲಿಲ್ಲ. ಬಿಚ್ಚಿದರೆ ನಂಬರುಗಳ ನಡುವೆ ಸಂದು ಬೀಳುತ್ತದೆ, ಅದೇ ಹಾಳೆಯಲ್ಲಿ ಇನ್ನೂ ಎಂಟು ಜನರಿದ್ದಾರೆ. ಅವ್ವನೂ ಮುಟ್ಟಗೊಡಲಿಲ್ಲ. ಹೆಸರೇ ಇಲ್ಲದ ಮೇಲೆ ಯಾವುದಕ್ಕೆ ಹೆದರಬೇಕು ಎಂದುಕೊಂಡೆ. ಜೀವಮಾನವಿಡೀ ಬಟ್ಟೆಯ ಒಳಮೈಯನ್ನೇ ನೋಡುತ್ತ ಬಂದವಳು, ಆ ಸಾಲಿನಲ್ಲಿ ಉಳಿದದ್ದೆಲ್ಲ ಬರೆದಿದೆ ಎಂಬುದನ್ನು ಮಾತ್ರ ಯೋಚಿಸಲಿಲ್ಲ.

ತಂಗಿಗೆ ಫೋನು ಮಾಡಿದೆ. ನೋಟೀಸಿನ ಸುದ್ದಿ ಹೇಳಿದಾಗಿನಿಂದ, ನಾಲ್ಕು ದಿನ, ಅವಳು ಊಟ ಬಿಟ್ಟಿದ್ದಳು. "ಹೆದರಬ್ಯಾಡ, ನಿನ್ನ ಹೆಸರ ಅದರಾಗ ಇಲ್ಲ. ಅಪ್ಪ ಬರದ ಇಲ್ಲ," ಅಂದೆ. ಅವಳು ಉಸಿರು ಬಿಡುತ್ತಾಳೆ, ನಗುತ್ತಾಳೆ ಎಂದು ಕಾದೆ.

"ಇಲ್ಲಂದ್ರ?" ಅಂದಳು.

"ಇಲ್ಲಂದ್ರ ಇಲ್ಲ. ಚಲೋನ ಆತಲ್ಲ?"

"ನಾಳೆ ನಾ ಬರ್ತೇನಿ. ನನ್ನ ಕಣ್ಣಿಲೆ ನೋಡಬೇಕು."

"ನಿನಗ ತಲಿಗಿಲಿ ಕೆಟ್ಟೈತೇನ? ಅಲ್ಲಿ ನಿನ್ನ ಕೆಲಸ ಏನು?" ಎಂದು ಬೈದೆ. ಅವಳು ಫೋನು ಇಟ್ಟಳು.

ಸೋಮವಾರ ಹನ್ನೊಂದಕ್ಕೆ ಕಚೇರಿಯಲ್ಲಿ ನಾವು ಮೂವರು. ಅಯ್ಯನವರು, ಪುಸ್ತಕವನ್ನು ಟಾವೆಲಿನಲ್ಲಿ ಸುತ್ತಿ ಎದೆಗೆ ಹಿಡಿದ ನಾನು, ಮತ್ತು ನಮ್ಮೂರಿನ ಯಜಮಾನರೊಬ್ಬರು. ಅವರು ಲಿಂಗಾಯತರು, ಎಪ್ಪತ್ತೈದರ ಮೇಲೆ ವಯಸ್ಸು. ಗುಡಿ ಕಟ್ಟುವಾಗ ಅವರ ಅಜ್ಜ ಕಲ್ಲು ಸಾಗಿಸಲು ಚಕ್ಕಡಿ ಕೊಟ್ಟಿದ್ದನಂತೆ. ಅದನ್ನು ಸಾಹೇಬರ ಮುಂದೆ ಹೇಳುತ್ತೇನೆ ಎಂದು ತಾವಾಗಿಯೇ ಬಂದಿದ್ದರು. ಹಣೆಗೆ ಮೂರು ಬೆರಳು ವಿಭೂತಿ, ಕೈಯಲ್ಲಿ ಕೊಡೆ. ಅವರು ಸುಳ್ಳು ಹೇಳಿದ್ದನ್ನು ಊರಲ್ಲಿ ಯಾರೂ ಕೇಳಿಲ್ಲ, ನನಗೆ ಅವರ ದೆಸೆಯಿಂದ ಧೈರ್ಯ ಬಂದಿತ್ತು. ನಮ್ಮನ್ನು ಒಳಗೆ ಕರೆಯುವ ಹೊತ್ತಿಗೆ ತಂಗಿ ಬಂದಳು. ಸೆರಗು ತಲೆಯ ಮೇಲೆ ಹೊದ್ದಿದ್ದಳು. ನಾನು ಕಣ್ಣಲ್ಲೇ ಬೇಡ ಅಂದೆ. ಅವಳು ನನ್ನ ಕಡೆ ನೋಡದೆ ಒಳಗೆ ಬಂದು, ಹಿಂದಿನ ಗೋಡೆಯ ಬೆಂಚಿನ ಮೇಲೆ ಕೂತಳು.

ಸಾಹೇಬರು ಕೆಟ್ಟವರಾಗಿರಲಿಲ್ಲ. ಪುಸ್ತಕ ಬಿಚ್ಚಿದೊಡನೆ ಅವರ ಮುಖದಲ್ಲಿ ಒಂದು ಬಗೆಯ ಮರ್ಯಾದೆ ಬಂತು. ಮೊದಲ ಪುಟಗಳನ್ನು ಬೆರಳ ತುದಿಯಿಂದ ತಿರುವಿದರು. "ಇದು ಆ ಪಾದ್ರಿಗೋಳು ಬರದದ್ದೇನ್ರಿ? ಎಷ್ಟ ಚಂದ ಬರದಾರ," ಅಂದರು. ಯಜಮಾನರು ಚಕ್ಕಡಿಯ ಮಾತು ಹೇಳಿದರು, ಕಾರಕೂನ ಬರೆದುಕೊಂಡ. ಮುಗಿಯಿತು, ಇನ್ನೇನು ಎದ್ದು ಹೋಗುವುದೇ ಎಂದುಕೊಂಡೆ. ಆದರೆ ಸಾಹೇಬರು ಪುಸ್ತಕದ ಹೊಲಿಗೆಯನ್ನು ಬಾಗಿ ನೋಡಿದರು, ಮಧ್ಯೆ ಯಾವುದಾದರೂ ಹಾಳೆ ತೆಗೆದಿದೆಯೇ ಎಂದು ನಂಬರುಗಳನ್ನು ಓದುತ್ತಾ ಬಂದರು. ಹಾಳೆ ಬಿಚ್ಚದೇ ಇದ್ದದ್ದು ಎಂಥ ಪುಣ್ಯ ಅನ್ನಿಸಿದ ಆ ಗಳಿಗೆಯಲ್ಲೇ ಅವರ ಬೆರಳು ನಿಂತಿತು.

"ಇನ್ನೂರ ಹದಿನಾಲ್ಕು. ಇಲ್ಲೆ ಹೆಸರ ಯಾಕ ಇಲ್ರಿ?"

ಅಯ್ಯನವರು ನನ್ನನ್ನು ನೋಡಿದರು. ನಾನು ಟಾವೆಲು ಮಡಿಚತೊಡಗಿದೆ.

"ಎಲ್ಲಾ ಬರದು ಹೆಸರಷ್ಟ ಬಿಟ್ಟಾರ. ಆಮ್ಯಾಲೆ ಯಾರನ್ನರ ಸೇರಸಲಾಕ ಜಾಗಾ ಇಟ್ಟದ್ದೇನಿದು? ಹಂಗಿದ್ರ ಈ ಪುಸ್ತಕ ಹ್ಯಾಂಗ ನಂಬಲಿ ನಾ?" ಅವರು ಕನ್ನಡಕ ಸರಿ ಮಾಡಿಕೊಂಡು ಪಕ್ಕದ ಜಾಗ ಓದಿದರು. ಆಮೇಲೆ ಹಿಂದಿನ ಪುಟಕ್ಕೆ ಹೋಗಿ ನನ್ನ ಸಾಲಿನ ಮೇಲೆ ಬೆರಳಿಟ್ಟರು. "ತಂದಿ ತಾಯಿ ಹೆಸರು ಎರಡೂ ಕಡೆ ಒಂದ ಅದಾವ. ಇವರು ನಿಮ್ಮ ತಂದಿ ತಾಯಿ ಅಲ್ಲೇನ್ರಿ?"

"ಹೌದ್ರಿ."

"ಮತ್ತ ಈ ಕೂಸು ಯಾರದು?"

ಕಾರಕೂನನ ಪೆನ್ನು ಎತ್ತಿದ ಹಾಗೆಯೇ ಇತ್ತು. ಹಿಂದಿನ ಬೆಂಚು ಒಮ್ಮೆ ಕಿರ್ ಎಂದಿತು. ತಂಗಿ ಏಳುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಏಳುತ್ತಾಳೆ, ನಾನೇ ಅನ್ನುತ್ತಾಳೆ, ಅವಳ ಸ್ವಭಾವ ನನಗೆ ಗೊತ್ತು. ಆಮೇಲೆ ಎಲ್ಲ ಮುಗಿದ ಹಾಗೆಯೇ.

"ನನ್ನ ತಂಗಿ ರಿ," ಅಂದೆ. "ಉಳೀಲಿಲ್ಲ. ಸ್ನಾನ ಆದ ದಿನಾನ ಹೋತು. ಅಪ್ಪಗ ಹೆಸರ ಬರೀಲಾಕ ಮನಸ ಬರಲಿಲ್ರಿ."

ಸಾಹೇಬರು ನನ್ನನ್ನೇ ನೋಡಿದರು. ನಾನು ಕಣ್ಣು ಕೆಳಗಿಳಿಸಲಿಲ್ಲ. ಅವರ ದೃಷ್ಟಿ ನನ್ನನ್ನು ದಾಟಿ ಹಿಂದಿನ ಗೋಡೆಯ ಕಡೆ ಹೋಯಿತು.

"ಹಿಂದ ಕುಂತ ಆ ಹೆಣ್ಣಮಗಳು ಯಾರು?"

ಉತ್ತರ ಕೊಟ್ಟದ್ದು ಯಜಮಾನರು. ತಂಗಿಯ ಸ್ನಾನದ ದಿನ ನಮ್ಮ ಅಂಗಳದಲ್ಲಿ ನಿಂತು ಬೆಲ್ಲ ತಿಂದು, ಕೂಸಿನ ಕೈಗೆ ಬಳೆ ಕೊಟ್ಟು ಹೋಗಿದ್ದವರು ಅವರು. ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡರು. "ನಮ್ಮ ಊರವರ ರೀ ಸಾಹೇಬ್ರ. ನಮ್ಮ ಜೋಡಿ ಬಂದಾರ," ಅಂದರು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೂ ಅವರ ಕಿವಿಗಳು ಕೆಂಪಾದದ್ದನ್ನು ನಾನು ಕಂಡೆ.

ಸಾಹೇಬರು ಪುಸ್ತಕ ಮುಚ್ಚಿದರು. ಅವರ ದನಿ ಮೆತ್ತಗಾಗಿತ್ತು. "ಕ್ಷಮಾ ಮಾಡ್ರಿ, ಕೇಳಬೇಕಾಗ್ತದ," ಅಂದು ಕಾರಕೂನನ ಕಡೆ ತಿರುಗಿ ಹೇಳಿ ಬರೆಸಿದರು. ಮಂದಿರವು ಹಳೆಯದೆಂದು ದಾಖಲೆಯಿಂದ ಕಂಡುಬಂದಿರುತ್ತದೆ. ಇನ್ನೂರ ಹದಿನಾಲ್ಕನೆಯ ನಮೂದಿನ ಮಗು ಮೃತಪಟ್ಟಿರುವುದಾಗಿ ಅಕ್ಕನಾದವರು ತಿಳಿಸಿರುತ್ತಾರೆ. ಕೆಳಗೆ ಸಹಿ ಮಾಡಿರಿ. ನಾನು ಸಹಿ ಮಾಡಿದೆ. ಏಳನೆಯ ತರಗತಿಯ ಅಕ್ಷರ, ಆದರೂ ನಡುಗಲಿಲ್ಲ. ಅರ್ಜಿ ವಜಾ ಆಯಿತು, ಗುಡಿ ಉಳಿಯಿತು, ಅವಳ ಕೆಲಸವೂ ಉಳಿಯಿತು. ಹಾವೂ ಸತ್ತಿತ್ತು, ಕೋಲೂ ಮುರಿದಿರಲಿಲ್ಲ.

ಹೊರಗೆ ಬಂದಾಗ ಅಯ್ಯನವರು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದು ದೇವರಿಗೆ ಸ್ತೋತ್ರ ಅಂದರು. ಯಾವುದಕ್ಕೆ ಸ್ತೋತ್ರವೋ ಅವರಿಗೇ ಗೊತ್ತು. ಯಜಮಾನರು ಚಹಾಕ್ಕೆ ನಿಲ್ಲಲಿಲ್ಲ, "ನಾ ಬರ್ತೇನ್ರವಾ" ಎಂದು ಕೊಡೆ ಬಿಚ್ಚಿ ಬಿಸಿಲಿನಲ್ಲಿ ಹೊರಟುಬಿಟ್ಟರು. ತಂಗಿ ಆಗಲೇ ಬಸ್ ನಿಲ್ದಾಣದ ಕಡೆ ನಡೆಯುತ್ತಿದ್ದಳು. ಪುಸ್ತಕ ಹಿಡಿದುಕೊಂಡು ಅವಳ ಹಿಂದೆ ಓಡಿದೆ.

ಶಿಗ್ಗಾಂವಿ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲಿನ ಕಟ್ಟೆಯ ಮೇಲೆ ಅವಳ ಪಕ್ಕ ಕೂತೆ. "ನೋಡಬೇಕಂತಿದ್ದೆಲ್ಲ, ನೋಡು," ಎಂದು ಟಾವೆಲು ಬಿಚ್ಚಿ ಆ ಪುಟ ತೆರೆದು ಅವಳ ತೊಡೆಯ ಮೇಲಿಟ್ಟೆ. ಅವಳು ಖಾಲಿ ಜಾಗದ ಮೇಲೆ ಅಂಗೈ ಇಟ್ಟಳು. ನನಗೆ ತಡೆಯಲಾಗಲಿಲ್ಲ.

"ನಿನ್ನ ಸಲುವಾಗಿ ಹೇಳಿದ್ನವಾ ಅದನ್ನ," ಅಂದೆ. "ಬ್ಯಾರೆ ಏನ ಹೇಳಬೇಕಾಗಿತ್ತು? ಆ ಗಳಿಗ್ಯಾಗ ಬಾಯಿಗೆ ಬಂದದ್ದು ಅದು."

"ಗೊತ್ತೈತಿ," ಅಂದಳು. "ಉಳಿಸೀದಿ ನನ್ನ. ಇಲ್ಲ ಅನ್ನಂಗಿಲ್ಲ ನಾ."

ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟಳು. ಬಸ್ಸು ಬಂತು, ಜನ ಎದ್ದರು. ಅವಳೂ ಎದ್ದು ಎರಡು ಹೆಜ್ಜೆ ಹೋಗಿ ತಿರುಗಿ ನಿಂತಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಜಗಳ ಮಾಡಿ ಗೆಲ್ಲುತ್ತಿದ್ದೆ.

"ಅಕ್ಕಾ, ಒಂದ ಮಾತು," ಅಂದಳು. "ಅವರು ಕೇಳಿದ ಕೂಡ್ಲೆ ಹೇಳಿದೆಲ್ಲ ನೀ. ಒಂಚೂರೂ ತಡವರಿಸಲಿಲ್ಲ."

ಬಸ್ಸು ಹೋಯಿತು. ತಡವರಿಸಲಿಲ್ಲ, ಅವಳು ಹೇಳಿದ್ದು ನಿಜ. ಅಂಗಡಿಗೆ ಬಂದು ಅರ್ಧ ಹೊಲಿದ ಸಮವಸ್ತ್ರವನ್ನು ಮಿಷನ್ನಿಗೆ ಹಾಕಿದೆ, ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ವಸತಿನಿಲಯದಿಂದ ಟ್ರಂಕು ಹೊತ್ತು ತಂದ ವರ್ಷ, ತೊಟ್ಟಿಲಲ್ಲಿ ಮಲಗಿದ್ದ ಆ ಕೂಸನ್ನು ನೋಡುತ್ತಾ, ಇದೊಂದು ಹುಟ್ಟದೇ ಇದ್ದಿದ್ದರೆ, ಹುಟ್ಟಿದರೂ ಉಳಿಯದೇ ಹೋಗಿದ್ದರೆ ಎಂದು ನಾನು ಒಂದು ದಿನ ಅಂದುಕೊಂಡದ್ದಿದೆ. ಹನ್ನೆರಡು ವರ್ಷದವಳ ಮನಸ್ಸು, ಆಮೇಲೆ ಮರೆತೆ ಎಂದುಕೊಂಡಿದ್ದೆ. ಆ ಮಾತು ಮಾತ್ರ ನಲವತ್ತೆಂಟು ವರ್ಷ ನನ್ನೊಳಗೆ ಸಿದ್ಧವಾಗಿಯೇ ಕೂತಿತ್ತು, ಮತ್ತು ನನ್ನ ತಂಗಿಗೆ ಅದು ಈಗ ಗೊತ್ತಾಗಿದೆ.